ಅಂಕೋರ್‌ನಿಂದ ಹೊಯಿ ಆನ್ ಬೀಚ್ ತನಕ: ಫ್ರೆಂಡ್ಸ್ ಜೊತೆ ಬ್ಯಾಗ್ ಹೆಗಲಿಗೇರಿಸ್ಕೊಂಡು ಹೋಗೋದು ಹೇಗೆ

ಫ್ರೆಂಡ್ಸೆಲ್ಲ ಸೇರಿ ಆಗ್ನೇಯ ಏಷ್ಯಾ ಟ್ರಿಪ್ ಅಂತ ಕೂತ್ರೆ ಮೊದಲು ಆಗೋದೇ ಇದು, ಒಬ್ಬ ಥಾಯ್ಲೆಂಡ್ ಅಂತಾನೆ, ಇನ್ನೊಬ್ಳು ವಿಯೆಟ್ನಾಂ ಅಂತಾಳೆ, ಮತ್ತೊಬ್ರು ಹೆಂಗಿದ್ರೂ ಅಷ್ಟು ದೂರ ಹೋಗ್ತೀವಲ್ಲ ಬಾಲಿನೂ ಸೇರಿಸ್ಬಿಡಿ ಅಂತಾರೆ, ಕೊನೆಗೆ ಹತ್ತು ದಿನಕ್ಕೆ ನಾಲ್ಕು ದೇಶ ತುರುಕಿ ಅರ್ಧ ಟ್ರಿಪ್ ಏರ್ಪೋರ್ಟ್ ಕ್ಯೂನಲ್ಲೇ ಕಳೆದುಹೋಗುತ್ತೆ. ನಾನು ಗಟ್ಟಿಯಾಗಿ ಹೇಳೋದು ಒಂದೇ, ದೇಶ ಕಮ್ಮಿ ಮಾಡಿ ದಿನ ಜಾಸ್ತಿ ಮಾಡಿ. ಎರಡು ವಾರ ಇದ್ರೆ ಕಾಂಬೋಡಿಯಾ ಮತ್ತೆ ವಿಯೆಟ್ನಾಂ ಎರಡೇ ಸಾಕು, ದೇವಸ್ಥಾನ, ಸಂತೆ, ಸಮುದ್ರ ಮೂರೂ ಸಿಗುತ್ತೆ. ಅದ್ರಲ್ಲೂ ಬೇಲೂರು ಹಳೇಬೀಡು ನೋಡಿ ಬೆಳೆದೋರಿಗೆ ಕಾಂಬೋಡಿಯಾದ ಅಂಕೋರ್ ದೇವಸ್ಥಾನಗಳ ಗೋಡೆಗಳನ್ನ ಓಡೋಡ್ತಾ ನೋಡೋದು ನಿಜವಾಗ್ಲೂ ಅನ್ಯಾಯ, ಯಾಕೆ ಅಂತ ಕೆಳಗೆ ಹೇಳ್ತೀನಿ.

ದಾರಿ ಹೀಗಿಟ್ಕೊಳ್ಳಿ: ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ಐದು ದಿನ, ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಎರಡು, ಹೋ ಚಿ ಮಿನ್ ಸಿಟಿ ಎರಡು, ಉಳಿದಿದ್ದೆಲ್ಲ ಹೊಯಿ ಆನ್ ಮತ್ತೆ ದಾ ನಾಂಗ್ ಕಡೆ. ದೇವಸ್ಥಾನ ಮೊದಲು, ಬೀಚ್ ಕೊನೆಗೆ. ಉಲ್ಟಾ ಮಾಡಿದ್ರೆ ಬೀಚಲ್ಲಿ ಬಿದ್ಕೊಂಡು ಅಭ್ಯಾಸ ಆದ್ಮೇಲೆ ಬೆಳಿಗ್ಗೆ ನಾಲ್ಕೂವರೆಗೆ ಏಳೋಕೆ ಯಾರೂ ರೆಡಿ ಇರಲ್ಲ.

ಮೊದಲ ಹೆಜ್ಜೆ: ಯಾವಾಗ ಹೋಗ್ಬೇಕು

ಇದನ್ನ ಟಿಕೆಟ್‌ಗಿಂತ ಮುಂಚೆ ತೀರ್ಮಾನ ಮಾಡಿ. ಕಾಂಬೋಡಿಯಾದಲ್ಲಿ ನವೆಂಬರ್‌ನಿಂದ ಏಪ್ರಿಲ್ ತನಕ ಒಣ ಹವೆ, ಏಪ್ರಿಲ್ ಬಂತು ಅಂದ್ರೆ ಸೆಕೆ ತಡೆಯಕ್ಕಾಗಲ್ಲ. ಆದ್ರೆ ಹೊಯಿ ಆನ್ ಇರೋದು ಮಧ್ಯ ವಿಯೆಟ್ನಾಂನಲ್ಲಿ, ಅಲ್ಲಿ ಮಳೆಗಾಲ ಶುರುವಾಗೋದೇ ಸೆಪ್ಟೆಂಬರ್ ಹೊತ್ತಿಗೆ, ಅಕ್ಟೋಬರ್ ನವೆಂಬರ್‌ನಲ್ಲಿ ಹಳೇ ಪೇಟೆ ಬೀದಿಗೇ ಹೊಳೆ ನೀರು ನುಗ್ಗುತ್ತೆ. ಹಂಗಾಗಿ ನವೆಂಬರ್‌ನ ದೀಪಾವಳಿ ರಜೆಗೆ ಈ ದಾರಿ ಹಾಕ್ಕೊಂಡ್ರೆ ಕಾಂಬೋಡಿಯಾ ಚೆನ್ನಾಗಿರುತ್ತೆ, ಬೀಚ್ ಕೈ ಕೊಡುತ್ತೆ. ಎರಡೂ ಕಡೆ ಹೊಂದೋದು ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆ ತನಕ. ಜನವರಿ ಕೊನೆಯಿಂದ ಫೆಬ್ರವರಿ 20ರ ಹೊತ್ತಿನೊಳಗೆ ಯಾವಾಗ್ಲಾದ್ರೂ ವಿಯೆಟ್ನಾಂ ಹೊಸವರ್ಷ ತೆತ್ ಬರುತ್ತೆ, ಆಗ ಬಸ್ಸು ರೈಲೆಲ್ಲ ಫುಲ್, ಅಂಗಡಿ ಬಾಗಿಲು ಹಾಕಿರ್ತಾರೆ. ಕಾಂಬೋಡಿಯಾದ ಹೊಸವರ್ಷ ಏಪ್ರಿಲ್ ಮಧ್ಯದಲ್ಲಿ, ನಮ್ಮ ಸೌರ ಯುಗಾದಿ ಹೊತ್ತಿಗೆ. ಎರಡನ್ನೂ ಕ್ಯಾಲೆಂಡರ್‌ನಲ್ಲಿ ನೋಡ್ಕೊಂಡೇ ಡೇಟ್ ಫಿಕ್ಸ್ ಮಾಡಿ.

ಎರಡನೇದು: ವೀಸಾ ಮತ್ತೆ ಟಿಕೆಟ್

ವಿಯೆಟ್ನಾಂಗೆ ಇ-ವೀಸಾ, ಸಿಂಗಲ್ ಎಂಟ್ರಿ 25 ಡಾಲರ್, ಮಲ್ಟಿಪಲ್ 50, 90 ದಿನದ ತನಕ ಕೊಡ್ತಾರೆ. ಗೂಗಲ್‌ನಲ್ಲಿ ಹುಡುಕಿದ ತಕ್ಷಣ ಮೇಲೆ ಬರೋದೆಲ್ಲ ಏಜೆಂಟ್‌ಗಳ ಸೈಟು, ಅಡ್ರೆಸ್ ಕೊನೆಗೆ ಜಿಒವಿ ಡಾಟ್ ವಿಎನ್ ಇದ್ರೆ ಮಾತ್ರ ಸರ್ಕಾರದ್ದು ಅಂತ ನಂಬಿ. ಫಾರ್ಮ್‌ನಲ್ಲಿ ಯಾವ ಗಡಿಯಿಂದ ಒಳಗೆ ಬರ್ತೀರಿ, ಯಾವ ಕಡೆಯಿಂದ ಹೊರಗೆ ಹೋಗ್ತೀರಿ ಅಂತ ಕೇಳ್ತಾರೆ. ನಾವು ಹೋಗೋ ದಾರಿಗೆ ಒಳಗೆ ಬರೋದು ಮೊಕ್ ಬಾಯ್ ರಸ್ತೆ ಗಡಿ, ಹೊರಗೆ ಹೋಗೋದು ದಾ ನಾಂಗ್ ಏರ್ಪೋರ್ಟ್. ಗ್ರೂಪಿನಲ್ಲಿ ಒಬ್ರೇ ಕೂತ್ಕೊಂಡು ಎಲ್ಲರ ಫಾರ್ಮನ್ನೂ ತುಂಬಿ, ಪಾಸ್‌ಪೋರ್ಟ್‌ನಲ್ಲಿ ಹೆಸರು, ತಂದೆ ಹೆಸರು, ಇನಿಷಿಯಲ್ ಹೆಂಗಿದ್ಯೋ ಹಂಗೇ ಒಂದಕ್ಷರ ಬಿಡದೆ. ನಮ್ಮವರಿಗೆ ಈ ಇನಿಷಿಯಲ್ಲು ಸರ್‌ನೇಮ್ ಗೊಂದಲ ಯಾವಾಗ್ಲೂ ಇದ್ದಿದ್ದೇ, ಅದಕ್ಕೆ ಸಬ್ಮಿಟ್ ಒತ್ತೋಕೆ ಮುಂಚೆ ಇನ್ನೊಬ್ರು ಓದಿ ಚೆಕ್ ಮಾಡ್ಲಿ.

ಕಾಂಬೋಡಿಯಾಗೂ ಇ-ವೀಸಾ ಇದೆ, ಅದರ ಸರ್ಕಾರಿ ಸೈಟು ಜಿಒವಿ ಡಾಟ್ ಕೆಎಚ್ ಅಂತ ಮುಗಿಯುತ್ತೆ. ಹೊರಡೋ ವಾರದಲ್ಲಿ ಇ-ಅರೈವಲ್ ಅನ್ನೋ ಫ್ರೀ ಫಾರ್ಮನ್ನೂ ಆನ್‌ಲೈನ್ ತುಂಬ್ಬೇಕು. ನಿಯಮ ಮತ್ತೆ ಫೀಸು ಬದಲಾಗ್ತಾ ಇರುತ್ತೆ, ಟಿಕೆಟ್ ಹಾಕೋ ದಿನ ಸರ್ಕಾರಿ ಸೈಟನ್ನೇ ಒಂದ್ಸಲ ನೋಡಿ.

ಬೆಂಗಳೂರಿಂದ ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರಕ್ಕೆ ಡೈರೆಕ್ಟ್ ಫ್ಲೈಟ್ ಇದೆ, ಅಲ್ಲಿಂದ ಸಿಯೆಮ್ ರೀಪ್‌ಗೆ ಇನ್ನೊಂದು. ಎರಡು ಫ್ಲೈಟೂ ಒಂದೇ ಬುಕಿಂಗ್‌ನಲ್ಲಿ ಇರ್ಲಿ. ಬೇರೆ ಬೇರೆ ತಗೊಂಡ್ರೆ ಮಧ್ಯದ ದೇಶದಲ್ಲಿ ಇಮಿಗ್ರೇಶನ್ ದಾಟಿ, ಬ್ಯಾಗ್ ತಗೊಂಡು, ಮತ್ತೆ ಚೆಕ್-ಇನ್ ಮಾಡೋ ಪರಿಸ್ಥಿತಿ ಬರಬಹುದು, ಮೊದಲ ಫ್ಲೈಟ್ ಲೇಟಾದ್ರೆ ಎರಡನೇದಕ್ಕೆ ಯಾರೂ ಜವಾಬ್ದಾರರಲ್ಲ. ಬ್ಯಾಂಕಾಕಿಂದ ಬಸ್ಸಲ್ಲಿ ಪೊಯ್ಪೆಟ್ ಗಡಿ ದಾಟಿ ಹೋಗೋದು ಹಿಂದೆ ಬ್ಯಾಕ್‌ಪ್ಯಾಕರ್‌ಗಳ ಮಾಮೂಲಿ ದಾರಿ ಆಗಿತ್ತು. ಆದ್ರೆ 2025ರಲ್ಲಿ ಥಾಯ್ಲೆಂಡ್ ಕಾಂಬೋಡಿಯಾ ಗಡಿ ಜಗಳ ಗುಂಡು ಹಾರೋ ಮಟ್ಟಕ್ಕೆ ಹೋಗಿ ರಸ್ತೆ ಗಡಿ ಮುಚ್ಚಿದ್ರು, ಹಳೇ ಸಲಹೆ ನಂಬ್ಕೊಂಡು ಆ ದಾರಿ ಹಿಡಿಬೇಡಿ, ಹಾರ್ಕೊಂಡೇ ಹೋಗಿ.

ಮೂರನೇದು: ಗ್ರೂಪು ಮತ್ತೆ ದುಡ್ಡು

ನಾಲ್ಕು ಜನ ಅನ್ನೋದು ಬಹಳ ಒಳ್ಳೇ ಸಂಖ್ಯೆ, ಕಾಂಬೋಡಿಯಾದ ಟುಕ್‌ಟುಕ್‌ನಲ್ಲಿ ಎದುರುಬದುರು ನಾಲ್ಕು ಜನ ಕೂರಬಹುದು, ಕಾರಿಗೂ ನಾಲ್ಕು, ಎರಡು ಡಬಲ್ ರೂಮಿಗೂ ಸರಿಹೋಗುತ್ತೆ. ಆರು ಏಳು ಆದ್ರೆ ಪ್ರತಿ ಊಟಕ್ಕೂ ಟೇಬಲ್ ಹುಡುಕೋದೇ ಒಂದು ಕೆಲಸ.

ದುಡ್ಡಿನ ವಿಷಯ ಮನೇಲಿದ್ದಾಗಲೇ ಬಿಡಿಸಿ ಮಾತಾಡಿ, ನಾಚ್ಕೊಬೇಡಿ. ಎಲ್ಲರೂ ಒಂದಿಷ್ಟು ಹಾಕಿ ಒಂದು ಕಾಮನ್ ಪರ್ಸ್ ಮಾಡಿ, ಟುಕ್‌ಟುಕ್, ನೀರು, ಒಟ್ಟಿಗೆ ತಿಂದ ಊಟ ಎಲ್ಲ ಅದರಿಂದಲೇ, ಖಾಲಿ ಆದ್ರೆ ಮತ್ತೆ ಸಮನಾಗಿ ಹಾಕೋದು. ರೂಮು ಫ್ಲೈಟು ಇಂಥ ದೊಡ್ಡ ಖರ್ಚು ಮಾತ್ರ ಲೆಕ್ಕ ಹಂಚೋ ಸ್ಪ್ಲಿಟ್‌ವೈಸ್ ಆ್ಯಪ್‌ಗೆ ಹಾಕಿ. ಬಿಯರ್ ಕುಡಿಯೋರು ಇದ್ದು ಕುಡಿಯದೇ ಇರೋರೂ ಇದ್ರೆ ಬಿಯರ್ ಬಿಲ್ ಕಾಮನ್ ಪರ್ಸಿಂದ ಬೇಡ, ಇದೊಂದೇ ವಿಷಯಕ್ಕೆ ಎಷ್ಟೋ ಸ್ನೇಹ ಮುನಿಸ್ಕೊಂಡು ವಾಪಸ್ ಬಂದಿದೆ. ವಾರಕ್ಕೆ ಒಂದು ದಿನನಾದ್ರೂ ಎಲ್ಲರೂ ಬೇರೆ ಬೇರೆ ಓಡಾಡಿ, ಸಂಜೆ ಊಟಕ್ಕೆ ಸೇರಿ.

ಡಾಲರ್ ತಗೊಳ್ಳುವಾಗ ಒಂದು ಮಾತು ನೆನಪಿರ್ಲಿ, ಕಾಂಬೋಡಿಯಾದಲ್ಲಿ ಡಾಲರ್ ಎಲ್ಲಾ ಕಡೆ ನಡೆಯುತ್ತೆ ಆದ್ರೆ ನೋಟು ಚೂರು ಹರಿದಿದ್ರೆ, ಇಂಕ್ ಕಲೆ ಇದ್ರೆ, ಬೀದಿ ಅಂಗಡಿಯೋರೂ ವಾಪಸ್ ಕೊಡ್ತಾರೆ. ಇಲ್ಲಿ ಫಾರೆಕ್ಸ್ ಕೌಂಟರಲ್ಲೇ ನಿಂತು ಒಂದೊಂದೇ ನೋಟು ಬೆಳಕಿಗೆ ಹಿಡಿದು ನೋಡಿ, ಬದಲಾಯಿಸಿ ಕೊಡಿ ಅಂತ ಕೇಳಿ, ಚಿಲ್ಲರೆ ನೋಟು ಜಾಸ್ತಿ ತಗೊಳ್ಳಿ. ಅಲ್ಲಿನ ದುಡ್ಡು ರಿಯೆಲ್, ಒಂದು ಡಾಲರ್‌ಗೆ ಸುಮಾರು 4,000, ಚಿಲ್ಲರೆ ರಿಯೆಲ್‌ನಲ್ಲೇ ಬರುತ್ತೆ. ಭಾರತದಿಂದ ವಿದೇಶಿ ನೋಟು ಒಂದು ಟ್ರಿಪ್‌ಗೆ ಒಬ್ರು 3,000 ಡಾಲರ್ ತನಕ ಒಯ್ಯಬಹುದು, ಅಷ್ಟೆಲ್ಲ ಬೇಕಾಗಲ್ಲ, ಸ್ವಲ್ಪ ನೋಟು ಉಳಿದಿದ್ದು ಫಾರೆಕ್ಸ್ ಕಾರ್ಡ್ ಸಾಕು.

ಬ್ಯಾಗ್ ಬಗ್ಗೆ ಜಾಸ್ತಿ ಹೇಳಲ್ಲ. ಏಳು ಕೆಜಿ ಒಳಗೆ ಬರೋ ಹಾಗೆ ಮಾಡಿ, ಲೋ ಕಾಸ್ಟ್ ಏರ್‌ಲೈನ್‌ಗಳ ಕ್ಯಾಬಿನ್ ಮಿತಿ ಸಾಮಾನ್ಯವಾಗಿ ಅಷ್ಟೇ. ತೋಳು ಇರೋ ಕಾಟನ್ ಶರ್ಟು, ಮೊಣಕಾಲು ಮುಚ್ಚೋ ಪ್ಯಾಂಟು, ಸುಲಭವಾಗಿ ಬಿಚ್ಚಿ ಹಾಕೋ ಚಪ್ಪಲಿ, ಓಆರ್‌ಎಸ್ ಪ್ಯಾಕೆಟ್, ಸೊಳ್ಳೆ ಕ್ರೀಮು. ಟ್ರಾವೆಲ್ ಇನ್ಶೂರೆನ್ಸ್ ಮಾಡ್ಸಿ. ನಮ್ಮ ಎರಡು ಪಿನ್ ಚಾರ್ಜರ್ ಎರಡೂ ದೇಶದಲ್ಲಿ ಸಾಮಾನ್ಯವಾಗಿ ಹೋಗುತ್ತೆ, ಮೂರು ಪಿನ್ ಹೋಗಲ್ಲ.

ನಾಲ್ಕನೇದು: ಅಂಕೋರ್ ನೋಡೋ ಕ್ರಮ

ಸಿಯೆಮ್ ರೀಪ್‌ನ ಹೊಸ ಏರ್ಪೋರ್ಟ್ 2023ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ಊರಿಂದ 40 ಕಿಲೋಮೀಟರ್‌ಗೂ ಜಾಸ್ತಿ ದೂರ, ಶಟಲ್ ಬಸ್ ಇದೆ, ನಾಲ್ಕು ಜನ ಇದ್ರೆ ಕಾರೇ ವಾಸಿ. ಊರೊಳಗೆ ಓಡಾಡೋಕೆ ಗ್ರ್ಯಾಬ್ ಅಥವಾ ಪಾಸ್‌ಆ್ಯಪ್ ಅನ್ನೋ ಟ್ಯಾಕ್ಸಿ ಆ್ಯಪ್.

ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದೇ ತಗೊಳ್ಳಿ, ಅದನ್ನ ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದ್ರೂ ಬಳಸಬಹುದು, ಅಂದ್ರೆ ಮಧ್ಯೆ ಒಂದು ದಿನ ಸಂತೆ ಸುತ್ತಿ ಕಾಲಿಗೆ ರೆಸ್ಟ್ ಕೊಡಬಹುದು. ಕೌಂಟರ್‌ನಲ್ಲಿ ಫೋಟೋ ತೆಗೆದು ಟಿಕೆಟ್ ಮೇಲೇ ಪ್ರಿಂಟ್ ಮಾಡ್ತಾರೆ, ಪ್ರತಿ ದೇವಸ್ಥಾನದಲ್ಲೂ ನೋಡ್ತಾರೆ, ಕಳ್ಕೊಬೇಡಿ. ಟುಕ್‌ಟುಕ್‌ನ ಇಡೀ ದಿನಕ್ಕೆ ಮಾತಾಡ್ಕೊಳ್ಳಿ, ದೂರ ನೋಡ್ಕೊಂಡು 15ರಿಂದ 25 ಡಾಲರ್ ಆಸುಪಾಸು ಆಗುತ್ತೆ. ಮೂರೂ ದಿನಕ್ಕೆ ಒಬ್ಬರೇ ಡ್ರೈವರ್ ಸಿಕ್ರೆ ಇನ್ನೂ ಒಳ್ಳೇದು, ಎರಡನೇ ದಿನದಿಂದ ಅವರೇ ಯಾವ ಬಾಗಿಲಲ್ಲಿ ಜನ ಕಮ್ಮಿ ಅಂತ ಹೇಳಿ ಇಳಿಸ್ತಾರೆ.

ಮೊದಲ ದಿನ ಅಂಕೋರ್ ವಾಟ್. ಬೆಳಿಗ್ಗೆ ಐದಕ್ಕೆ ಬಿಡ್ತಾರೆ, ಸೂರ್ಯೋದಯಕ್ಕೆ ಎಡಗಡೆ ಕೊಳದ ಹತ್ರ ಜನಜಾತ್ರೆ. ಅದನ್ನೂ ನೋಡಿ, ಆದ್ರೆ ಸೂರ್ಯ ಮೇಲೆ ಬಂದ ತಕ್ಷಣ ಎಲ್ಲರೂ ತಿಂಡಿಗೆ ವಾಪಸ್ ಹೋಗ್ತಾರಲ್ಲ, ನೀವು ಆಗ ನೇರ ಒಳಗೆ ಹೋಗಿ, ಪೂರ್ವದ ಪ್ರಾಕಾರಕ್ಕೆ. ಅಲ್ಲಿದೆ ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದದ ಒಂದೇ ಗೋಡೆ. ಒಂದು ಕಡೆ ಅಸುರರು ವಾಸುಕಿಯ ಹೆಡೆ ಕಡೆ ಹಿಡ್ಕೊಂಡಿದ್ದಾರೆ, ಇನ್ನೊಂದು ಕಡೆ ದೇವತೆಗಳು ಬಾಲದ ಕಡೆ, ನಡುವೆ ವಿಷ್ಣು, ಕೆಳಗೆ ಕೂರ್ಮ, ಮೇಲೆ ಸಾಲುಸಾಲು ಅಪ್ಸರೆಯರು. ಕಡಗೋಲಿನ ಹತ್ರ ಬರ್ತಾ ಬರ್ತಾ ನೀರಿನ ಸೆಳೆತಕ್ಕೆ ಮೀನು ಮೊಸಳೆಗಳೆಲ್ಲ ತುಂಡುತುಂಡಾಗಿರೋದನ್ನ ಕೆತ್ತಿದ್ದಾರೆ, ಬಗ್ಗಿ ನೋಡದಿದ್ರೆ ಕಾಣಲ್ಲ. ಬೆಳಗಿನ ಬಿಸಿಲು ಬರೋದೂ ಈ ಕಡೆಯಿಂದಲೇ.

ಮಧ್ಯಾಹ್ನ ರೂಮಿಗೆ ಹೋಗಿ ಮಲ್ಕೊಳ್ಳಿ, ಹನ್ನೊಂದರಿಂದ ಮೂರರ ತನಕ ಹೊರಗಿರೋದ್ರಲ್ಲಿ ಅರ್ಥ ಇಲ್ಲ. ಮೂರೂವರೆಗೆ ಮತ್ತೆ ಅದೇ ದೇವಸ್ಥಾನಕ್ಕೆ ಬನ್ನಿ. ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿರೋದ್ರಿಂದ ಇಳಿಬಿಸಿಲು ಮುಂದಿನ ಪ್ರಾಕಾರಕ್ಕೆ ಬೀಳುತ್ತೆ, ಅಲ್ಲಿ ಬಲಗಡೆ ತಿರುಗಿದ್ರೆ ಕುರುಕ್ಷೇತ್ರ. ಎಡದಿಂದ ಕೌರವ ಸೇನೆ, ಬಲದಿಂದ ಪಾಂಡವರು, ಭೀಷ್ಮ ಬಾಣಗಳ ಮೇಲೆ ಮಲಗಿರೋದು ಯಾವ ಗೈಡೂ ಇಲ್ದೆ ನಿಮಗೇ ಗುರುತು ಸಿಗುತ್ತೆ, ಅರ್ಜುನನ ರಥದಲ್ಲಿ ನಾಲ್ಕು ಕೈ ಇರೋ ಕೃಷ್ಣ. ಶತಮಾನಗಳಿಂದ ಜನ ಕೈಯಾಡಿಸಿ ಕಲ್ಲು ಕಪ್ಪಗೆ ಮಿರಮಿರ ಅಂತಿದೆ, ನೀವು ಮಾತ್ರ ಮುಟ್ಬೇಡಿ. ಬಾಗಿಲಿನ ಇನ್ನೊಂದು ಪಕ್ಕದಲ್ಲಿ ಲಂಕಾ ಯುದ್ಧ, ರಾಮ ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡ್ತಿದ್ದಾನೆ.

ಇದನ್ನ ಕಟ್ಟಿಸಿದ್ದು ಎರಡನೇ ಸೂರ್ಯವರ್ಮ, 12ನೇ ಶತಮಾನದ ಮೊದಲರ್ಧದಲ್ಲಿ, ವಿಷ್ಣುವಿಗೆ ಅಂತ. ನಮ್ಮ ಹೊಯ್ಸಳ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನ ಪ್ರತಿಷ್ಠೆ ಮಾಡಿದ್ದು 1117ರಲ್ಲಿ, ಅಂದ್ರೆ ಇಬ್ಬರೂ ಒಂದೇ ಕಾಲದ ರಾಜರು. ಅಲ್ಲಿ ಮರಳುಗಲ್ಲು, ಇಲ್ಲಿ ಬಳಪದ ಕಲ್ಲು, ಅಲ್ಲಿ ಇಡೀ ಗೋಡೆಗೆ ಒಂದೇ ಕಥೆ ಹರಡಿದ್ರೆ ಇಲ್ಲಿ ಅಂಗೈ ಅಗಲದಲ್ಲಿ ಒಂದು ಲೋಕ. ಹೊರಡೋ ಮುಂಚಿನ ಯಾವುದಾದ್ರೂ ಭಾನುವಾರ ಎಲ್ಲರೂ ಸೇರಿ ಹಳೇಬೀಡಿಗೆ ಹೋಗಿ ಗೋಡೆ ಸುತ್ತ ರಾಮಾಯಣ ಮಹಾಭಾರತದ ಸಾಲನ್ನ ನಿಧಾನವಾಗಿ ನೋಡ್ಕೊಂಡು ಬನ್ನಿ, ಅಂಕೋರ್‌ಗೆ ಅದಕ್ಕಿಂತ ಒಳ್ಳೇ ತಯಾರಿ ಇಲ್ಲ.

ಮೇಲಿನ ಮೂರನೇ ಅಂತಸ್ತಿಗೆ, ಬಾಕನ್ ಅಂತಾರೆ, ಹೆಗಲು ಮೊಣಕಾಲು ಮುಚ್ಚಿರಲೇಬೇಕು, ಸ್ಕಾರ್ಫ್ ಹೊದ್ಕೊಂಡ್ರೆ ಒಪ್ಪಲ್ಲ, ತೋಳಿರೋ ಬಟ್ಟೆನೇ ಬೇಕು. ಬೌದ್ಧರ ಪವಿತ್ರ ದಿನಗಳಲ್ಲಿ ಅದು ಮುಚ್ಚಿರುತ್ತೆ, ಡ್ರೈವರ್‌ನ ಹಿಂದಿನ ದಿನವೇ ಕೇಳಿ.

ಎರಡನೇ ದಿನ ಹಳೇ ರಾಜಧಾನಿ ಅಂಕೋರ್ ಥೋಮ್, ಬಾಯೋನ್ ಮತ್ತೆ ತಾ ಪ್ರೋಮ್ ದೇವಸ್ಥಾನ. ಬಾಯೋನ್ ಏಳನೇ ಜಯವರ್ಮ ಅನ್ನೋ ರಾಜ ಕಟ್ಟಿಸಿದ್ದು, ಗೋಪುರದ ಮೇಲೆಲ್ಲ ನಸುನಗೋ ದೊಡ್ಡ ದೊಡ್ಡ ಮುಖಗಳು, ಆದ್ರೆ ಕೆಳಗಿನ ಹೊರಗೋಡೆ ಬಿಡ್ಬೇಡಿ, ಅಲ್ಲಿ ರಾಜರಿಗಿಂತ ಮೀನು ಮಾರೋರು, ಕೋಳಿ ಅಂಕ, ಅಡುಗೆ ಮನೆ ಎಲ್ಲ ಇದೆ. ತಾ ಪ್ರೋಮ್ ಅಂದ್ರೆ ಮರದ ಬೇರು ಹಬ್ಬಿರೋ ದೇವಸ್ಥಾನ, 1186ರದ್ದು, ಜಯವರ್ಮ ತಾಯಿ ನೆನಪಿಗೆ ಕಟ್ಟಿಸಿದ್ದು, ಅಲ್ಲಿ ಜೀರ್ಣೋದ್ಧಾರಕ್ಕೆ ನಮ್ಮ ದೇಶದ ಪುರಾತತ್ವ ಇಲಾಖೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಮೂರನೇ ದಿನ ಬಾಂತೇಯ್ ಸ್ರೇಯ್. ದೂರ ಅಂತ ಬಹಳ ಜನ ಬಿಡ್ತಾರೆ, ನಾನಂತೂ ಬೇರೇನಾದ್ರೂ ಬಿಡಿ ಇದನ್ನ ಬಿಡ್ಬೇಡಿ ಅಂತೀನಿ. 967ರ ಪುಟ್ಟ ಶಿವನ ಗುಡಿ, ಗುಲಾಬಿ ಬಣ್ಣದ ಮರಳುಗಲ್ಲು, ರಾವಣ ಕೈಲಾಸ ಅಲುಗಾಡಿಸೋದು, ಶಿವ ಕಾಮನನ್ನ ಸುಡೋದು, ವಾಲಿ ಸುಗ್ರೀವರ ಕಾಳಗ, ಎಲ್ಲ ಕಣ್ಣೆತ್ತರದಲ್ಲಿ. ಕೆತ್ತನೆಯ ಆಳ ನೋಡಿದ್ರೆ ನಮ್ಮ ಕಡೆಯವರಿಗೆ ಹೊಯ್ಸಳರ ಕೆಲಸ ನೆನಪಾಗದೇ ಇರಲ್ಲ.

ಗುಡಿಗಳ ಹತ್ರ ಮಕ್ಕಳು ಪೋಸ್ಟ್‌ಕಾರ್ಡು ಬಳೆ ಮಾರ್ಕೊಂಡು ಹಿಂದೆ ಬರ್ತಾರೆ, ಮನಸ್ಸು ಕರಗುತ್ತೆ, ಆದ್ರೂ ತಗೋಬೇಡಿ, ದುಡ್ಡು ಬರೋ ತನಕ ಅವರನ್ನ ಶಾಲೆ ಬಿಡಿಸಿ ಕಳಿಸ್ತಾನೇ ಇರ್ತಾರೆ. ದೊಡ್ಡವರ ಅಂಗಡಿಯಲ್ಲಿ ತಗೊಳ್ಳಿ.

ಐದನೇದು: ಸಂತೆ

ಸಿಯೆಮ್ ರೀಪ್‌ನಲ್ಲಿ ಹಳೇ ಮಾರ್ಕೆಟ್ ಪ್ಸಾರ್ ಚಾಸ್ ಟೂರಿಸ್ಟ್‌ಗಳಿಗೆ, ಪ್ಸಾರ್ ಲೇ ಊರಿನವರಿಗೆ. ಬೆಳಿಗ್ಗೆ ಏಳಕ್ಕೆ ಪ್ಸಾರ್ ಲೇಗೆ ಹೋದ್ರೆ ಬಾಳೆಹೂವು, ಲೆಮನ್‌ಗ್ರಾಸ್, ತಾವರೆ ಬೀಜ, ಜೀವಂತ ಮೀನು. ಚೌಕಳಿ ಬಟ್ಟೆ ಕ್ರಾಮಾ ಒಂದು ತಗೊಳ್ಳಿ, ತಲೆಗೆ ಕಟ್ಟೋಕೂ ಬೆವರು ಒರೆಸೋಕೂ ಬೀಚಲ್ಲಿ ಹಾಸೋಕೂ ಆಗುತ್ತೆ. ಕಾಂಬೋಡಿಯಾದ ಕಾಂಪೋಟ್ ಕಾಳುಮೆಣಸಿಗೆ ಜಿಐ ಟ್ಯಾಗ್ ಇದೆ, ಮಲೆನಾಡಿನವರು ಇದ್ರೆ ಕೆಂಪು ಕಾಳುಮೆಣಸಿನ ಒಂದು ಪ್ಯಾಕೆಟ್ ತಗೊಂಡು ಮನೇದ್ರ ಜೊತೆ ಹೋಲಿಸಿ ನೋಡಿ.

ಚೌಕಾಸಿಗೆ ನಾವು ಹುಟ್ಟಿಂದಲೇ ರೆಡಿ, ಆದ್ರೆ ಇಲ್ಲಿ ಧ್ವನಿ ಏರಿಸೋದು, ಮುಖ ಗಂಟಿಕ್ಕೋದು ಮಾಡಿದ್ರೆ ವ್ಯಾಪಾರ ಅಲ್ಲಿಗೇ ಮುಗೀತು. ನಗ್ತಾ ಕ್ಯಾಲ್ಕುಲೇಟರ್‌ನಲ್ಲಿ ರೇಟ್ ಒತ್ತಿ ತೋರ್ಸಿ, ನಾಲ್ಕು ಜನಕ್ಕೂ ಒಟ್ಟಿಗೆ ತಗೊಂಡ್ರೆ ಎಷ್ಟು ಅಂತ ಕೇಳಿ, ಆಗಲ್ಲ ಅಂದ್ರೆ ಥ್ಯಾಂಕ್ಸ್ ಹೇಳಿ ಮುಂದಕ್ಕೆ ಹೋಗಿ. ಒಂದ್ಸಲ ಒಪ್ಪಿದ ಮೇಲೆ ತಗೊಳ್ಳಲೇಬೇಕು, ಬೆಳಗಿನ ಮೊದಲ ಬೋಣಿಗೆ ಬೇಡ ಅಂತ ಎದ್ದು ಬರೋದು ಅಲ್ಲೂ ಬೇಜಾರಿನ ವಿಷಯವೇ.

ಆರನೇದು: ನಾಮ್ ಪೆನ್, ಗಡಿ, ಹೋ ಚಿ ಮಿನ್

ಸಿಯೆಮ್ ರೀಪಿಂದ ನಾಮ್ ಪೆನ್‌ಗೆ ಬಸ್ಸಲ್ಲಿ ಆರು ಗಂಟೆ, ಹಗಲಲ್ಲೇ ಹೋಗಿ. ರಾಷ್ಟ್ರೀಯ ವಸ್ತು ಸಂಗ್ರಹಾಲಯ, 1937ರ ಹಳದಿ ಗುಮ್ಮಟದ ಸೆಂಟ್ರಲ್ ಮಾರ್ಕೆಟ್ ನೋಡಿ. ತುವೋಲ್ ಸ್ಲೆಂಗ್‌ಗೆ ಹೋಗ್ಲೇಬೇಕು, ಶಾಲೆ ಕಟ್ಟಡವನ್ನ ಆಗ ದೇಶ ಆಳ್ತಿದ್ದ ಖ್ಮೇರ್ ರೂಜ್ ಕಮ್ಯುನಿಸ್ಟರು 1975ರಿಂದ 79ರ ನಡುವೆ ಸೆರೆಮನೆ ಮಾಡಿದ್ದ ಜಾಗ ಅದು. ಅಲ್ಲಿ ಗ್ರೂಪ್ ಫೋಟೋ, ಜೋರು ಮಾತು ಬೇಡ, ಆಡಿಯೋ ಗೈಡ್ ತಗೊಂಡು ಒಬ್ಬೊಬ್ರೇ ನಡೀರಿ, ಆ ಸಂಜೆಗೆ ಬೇರೆ ಪ್ರೋಗ್ರಾಂ ಇಟ್ಕೊಬೇಡಿ.

ಅಲ್ಲಿಂದ ಬಾವೆಟ್–ಮೊಕ್ ಬಾಯ್ ಗಡಿ ದಾಟಿ ಹೋ ಚಿ ಮಿನ್ ಸಿಟಿಗೆ ಬಸ್. ಇ-ವೀಸಾ ಪ್ರಿಂಟ್ ಎರಡೆರಡು ಕಾಪಿ ಕೈಯಲ್ಲಿರ್ಲಿ, ಬಸ್ ಕಂಡಕ್ಟರ್ ಪಾಸ್‌ಪೋರ್ಟ್ ಒಟ್ಟು ಮಾಡಿ ತಗೊಂಡ್ರೆ ನಿಮ್ಮದು ವಾಪಸ್ ಬಂದಿದ್ದು ನೋಡ್ಕೊಂಡೇ ಬಸ್ ಹತ್ತಿ. ಊರಲ್ಲಿ ಬೆನ್ ಥಾನ್ ಮಾರ್ಕೆಟ್ ಪಕ್ಕದ ಬೀದಿಯಲ್ಲೇ ಮಾರಿಯಮ್ಮನ ಗುಡಿ ಇದೆ, ತಮಿಳರು ಕಟ್ಟಿಸಿದ್ದು, ಈಗ ಅಗರಬತ್ತಿ ಹಚ್ಚಿ ಕೈಮುಗಿಯೋರಲ್ಲಿ ವಿಯೆಟ್ನಾಮಿಗಳೇ ಜಾಸ್ತಿ.

ವಿಯೆಟ್ನಾಂ ದುಡ್ಡು ಡಾಂಗ್, ಅದರ ನೋಟಿನ ವಿಷಯ ಹುಷಾರು. 20,000ದ್ದೂ ನೀಲಿ, 500,000ದ್ದೂ ಹೆಚ್ಚುಕಮ್ಮಿ ನೀಲಿ, ಪ್ಲಾಸ್ಟಿಕ್ ನೋಟು ಬೇರೆ, ಒಂದಕ್ಕೊಂದು ಅಂಟ್ಕೊಂಡಿರುತ್ತೆ. ಐದು ಲಕ್ಷದ ನೋಟುಗಳನ್ನ ಪರ್ಸಿನ ಬೇರೆ ಖಾನೆಯಲ್ಲಿಡಿ. ಲೆಕ್ಕಕ್ಕೆ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ, ಸುಮಾರಾಗಿ ರೂಪಾಯಿ ಸಿಗುತ್ತೆ.

ಏಳನೇದು: ಹೊಯಿ ಆನ್, ಮಿ ಸನ್, ಸಮುದ್ರ

ಹೋ ಚಿ ಮಿನ್‌ನಿಂದ ದಾ ನಾಂಗ್‌ಗೆ ಫ್ಲೈಟಲ್ಲಿ ಒಂದೂವರೆ ಗಂಟೆ, ರೈಲಲ್ಲಿ ಒಂದು ರಾತ್ರಿಗೂ ಜಾಸ್ತಿ. ಹೊಯಿ ಆನ್‌ಗೆ ರೈಲಿಲ್ಲ, ದಾ ನಾಂಗಿಂದ 30 ಕಿಲೋಮೀಟರ್ ಕಾರಲ್ಲಿ ಹೋಗ್ಬೇಕು. ಬಟ್ಟೆ ಹೊಲಿಸೋ ಆಸೆ ಇದ್ರೆ ತಲುಪಿದ ದಿನವೇ ದರ್ಜಿ ಅಂಗಡಿಗೆ ಅಳತೆ ಕೊಡಿ, ಒಂದು ಟ್ರಯಲ್ ಹಾಕಿ ನೋಡಿ ತಿದ್ದಿಸೋಕೆ ಟೈಮ್ ಬೇಕು.

ಮಿ ಸನ್ ಅಲ್ಲಿಂದ ಸುಮಾರು 40 ಕಿಲೋಮೀಟರ್, ಹಿಂದೆ ಮಧ್ಯ ವಿಯೆಟ್ನಾಂ ಆಳಿದ ಚಾಮ್ ರಾಜರ ಶಿವಕ್ಷೇತ್ರ, ನಾಲ್ಕನೇ ಶತಮಾನದ ಭದ್ರವರ್ಮನಿಂದ ಶುರು, ಸಂಸ್ಕೃತ ಶಾಸನಗಳಿವೆ. ಸುಟ್ಟ ಇಟ್ಟಿಗೆಯ ಗುಡಿಗಳು, ನಡುವೆ ಗಾರೆ ಕಾಣ್ಸೋದೇ ಇಲ್ಲ. ಇದ್ದಿದ್ರಲ್ಲಿ ಅತಿ ದೊಡ್ಡ ಗೋಪುರ 1969ರ ಅಮೆರಿಕದ ಬಾಂಬಿಗೆ ಬಿತ್ತು, ಬಾಂಬ್ ಬಿದ್ದ ಗುಂಡಿಗಳು ಇನ್ನೂ ಹುಲ್ಲಿನ ನಡುವೆ ಕಾಣುತ್ತೆ. ಇಲ್ಲೂ ಭಾರತದ ಪುರಾತತ್ವ ಇಲಾಖೆ ದುರಸ್ತಿ ಮಾಡಿದೆ, 2020ರಲ್ಲಿ ಆ ಕೆಲಸದ ಹೊತ್ತಲ್ಲೇ ಒಂದೇ ಕಲ್ಲಿನ ಶಿವಲಿಂಗ ಸಿಕ್ತು. ಬೆಳಿಗ್ಗೆ ಆರಕ್ಕೇ ಕಾರಲ್ಲಿ ಹೊರಡಿ. ದಾ ನಾಂಗ್‌ನ ಚಾಮ್ ಶಿಲ್ಪ ಮ್ಯೂಸಿಯಂಗೆ ಮಿ ಸನ್ ಆದ್ಮೇಲೆ ಹೋಗಿ, ಗುಡಿಯಿಂದ ತೆಗೆದ ಎಷ್ಟೋ ಮೂರ್ತಿಗಳು ಅಲ್ಲಿವೆ.

ಇನ್ನು ಬೀಚ್. ಹೊಯಿ ಆನ್ ಹಳೇ ಪೇಟೆಯಿಂದ ಆನ್ ಬಾಂಗ್ ಬೀಚ್‌ಗೆ ನಾಲ್ಕೈದು ಕಿಲೋಮೀಟರ್, ಸೈಕಲ್ ಬಾಡಿಗೆ ತಗೊಂಡು ಗದ್ದೆ ಬದಿಯಲ್ಲಿ ತುಳ್ಕೊಂಡು ಹೋಗಿ, ಬೈಕಿಗಿಂತ ಚೆಂದ, ಲೈಸೆನ್ಸ್ ತಲೆನೋವೂ ಇಲ್ಲ, ಲೈಸೆನ್ಸ್ ಸರಿ ಇಲ್ದೆ ಬೈಕ್ ಬಿದ್ರೆ ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ. ಕೆಂಪು ಬಾವುಟ ಇದ್ರೆ ನೀರಿಗೆ ಇಳೀಬೇಡಿ, ಈಜು ಬಂದ್ರೂ ಅಷ್ಟೇ, ಸೆಳೆತ ಮೇಲಿಂದ ಕಾಣಲ್ಲ. ಈಜು ಬರದೋರು ಗ್ರೂಪಲ್ಲಿ ಇದ್ರೆ ಒಬ್ರು ದಡದಲ್ಲೇ ಕೂತಿರಿ. ಸಮುದ್ರ ಶಾಂತವಾಗಿದ್ರೆ ಕು ಲಾವ್ ಚಾಮ್ ದ್ವೀಪಕ್ಕೆ ಬೋಟ್ ಇರುತ್ತೆ, ಅಲ್ಲಿ 2009ರಿಂದ ಪ್ಲಾಸ್ಟಿಕ್ ಕವರ್ ನಿಷೇಧ, ಬಟ್ಟೆ ಚೀಲ ಹಿಡ್ಕೊಂಡು ಹೋಗಿ.

ಸಸ್ಯಾಹಾರಿಗಳ ಹೊಟ್ಟೆ ಪಾಡು

ಫಿಶ್ ಸಾಸ್ ಎಲ್ಲದಕ್ಕೂ ಬೀಳುತ್ತೆ, ಬರೀ ತರಕಾರಿ ಅಂತ ಕೊಟ್ಟಿದ್ದಕ್ಕೂ. ವಿಯೆಟ್ನಾಂನಲ್ಲಿ ಬೋರ್ಡ್ ಮೇಲೆ ಚಾಯ್ ಅಂತ ಇರೋ ಹೋಟೆಲ್ ಹುಡುಕಿ, ಅದು ಬೌದ್ಧರ ಶುದ್ಧ ಸಸ್ಯಾಹಾರ. ಹುಣ್ಣಿಮೆ ಅಮಾವಾಸ್ಯೆಗೆ ಬಹಳ ಜನ ಮಾಂಸ ಬಿಡೋದ್ರಿಂದ ಆ ದಿನ ರಸ್ತೆ ಬದಿ ಗಾಡಿಗಳಲ್ಲೂ ಸಿಗುತ್ತೆ. ಕಾಂಬೋಡಿಯಾದಲ್ಲಿ ಮೀನು, ಮಾಂಸ, ಫಿಶ್ ಸಾಸ್, ಸೀಗಡಿ ಪೇಸ್ಟ್ ಬೇಡ, ಮೊಟ್ಟೆ ಪರವಾಗಿಲ್ಲ ಅಂತ ಖ್ಮೇರ್ ಭಾಷೇಲಿ ಹೋಟೆಲ್ ರಿಸೆಪ್ಷನ್‌ನವರ ಹತ್ರ ಬರೆಸ್ಕೊಂಡು ಫೋನಲ್ಲಿ ಇಟ್ಕೊಳ್ಳಿ. ಮನೆಯಿಂದ ಚಟ್ನಿಪುಡಿ ಒಂದು ಡಬ್ಬಿ ಒಯ್ದ್ರೆ ಬಿಳಿ ಅನ್ನ ಎಲ್ಲಿ ಸಿಕ್ರೂ ಊಟ ಆಯ್ತು.

ಹೊರಡೋ ಮುಂಚೆ

ರಿಯೆಲ್ ಕಾಂಬೋಡಿಯಾದ ಹೊರಗೆ ಯಾರೂ ತಗೊಳ್ಳಲ್ಲ, ಗಡಿ ದಾಟೋ ಮುಂಚೆ ನೀರು ಹಣ್ಣಿಗೆ ಖರ್ಚು ಮಾಡಿ ಮುಗಿಸಿ. ಡಾಂಗ್‌ನೂ ಬೆಂಗಳೂರಿಗೆ ತಂದ್ರೆ ಒಳ್ಳೇ ರೇಟ್ ಸಿಗಲ್ಲ, ದಾ ನಾಂಗ್‌ನ ಹಾನ್ ಮಾರ್ಕೆಟ್‌ನಲ್ಲಿ ಕಾಫಿಪುಡಿ, ಅದರ ಪುಟ್ಟ ಫಿಲ್ಟರು, ಗೋಡಂಬಿ ತಗೊಂಡು ಕಾಮನ್ ಪರ್ಸ್ ಖಾಲಿ ಮಾಡಿ. ಹೊಲಿಸಿದ ಬಟ್ಟೆ, ಮೆಣಸು, ಕಾಫಿ ಎಲ್ಲ ಸೇರಿ ಬ್ಯಾಗ್ ಏಳು ಕೆಜಿ ದಾಟಿರುತ್ತೆ, ಅದಕ್ಕೆ ವಾಪಸ್ ಬರೋ ಫ್ಲೈಟ್‌ಗೆ ನಾಲ್ಕು ಜನಕ್ಕೂ ಸೇರಿ ಒಂದು ಚೆಕ್-ಇನ್ ಬ್ಯಾಗ್ ಆನ್‌ಲೈನಲ್ಲೇ ಮೊದಲೇ ಬುಕ್ ಮಾಡಿಡಿ, ಕೌಂಟರಲ್ಲಿ ಕೊಟ್ರೆ ರೇಟು ಜಾಸ್ತಿ ಬೀಳುತ್ತೆ.